ಸಾಕ್ಷ್ಯ ಹುಟ್ಟುವಲ್ಲೇ ಕಲಿಕೆ ಆರಂಭವಾಗಲಿ

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಷಪ್ರಾಶನದ ಶಂಕೆಯಿರುವ ಸಾವು ಸಂಭವಿಸಿದೆ ಎಂದುಕೊಳ್ಳೋಣ. ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರು ಜಠರ ಹಾಗೂ ಸಣ್ಣ ಕರುಳಿನ ಭಾಗವನ್ನು ಒಂದು ಬಾಟಲಿಗೆ, ಯಕೃತ್ತು ಹಾಗೂ ಮೂತ್ರಪಿಂಡದ ಭಾಗವನ್ನು ಮತ್ತೊಂದಕ್ಕೆ ಹಾಕುತ್ತಾರೆ. ಕೆಡದಂತೆ ಗಟ್ಟಿ ಉಪ್ಪುನೀರು ತುಂಬಿ, ಆ ಉಪ್ಪುನೀರಿನ ಮಾದರಿಯನ್ನೂ ಬೇರೆಯಾಗಿ ತೆಗೆದಿಟ್ಟು, ಬಾಯಿ ಬಿಗಿದು ಅರಗಿನ ಮುದ್ರೆ ಒತ್ತುತ್ತಾರೆ. ಬಾಟಲಿ ಪೊಲೀಸರ ಮೂಲಕ ಪ್ರಯೋಗಾಲಯ ತಲುಪುವವರೆಗೆ ಯಾರು, ಯಾವಾಗ, ಯಾರಿಂದ ಪಡೆದರು ಎಂಬುದೆಲ್ಲ ದಾಖಲಾಗಬೇಕು. ಮುದ್ರೆ ಒಡೆದಿದ್ದರೆ, ಚೀಟಿಯಲ್ಲಿನ ಅಪರಾಧ ಸಂಖ್ಯೆ ತಪ್ಪಿದ್ದರೆ, ಯಂತ್ರ ಎಷ್ಟು ಉತ್ತಮವಾಗಿದ್ದರೂ ವರದಿಯ ತೂಕ ಕುಗ್ಗುತ್ತದೆ. ವಿಧಿವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಪುಸ್ತಕದಲ್ಲಿ ಓದುತ್ತಾರೆ. ಕಣ್ಣಾರೆ ಕಾಣುವ ಅವಕಾಶ ಅವರಿಗೆ ಎಷ್ಟು ಸಿಗುತ್ತದೆ ಎಂಬುದೇ ಇಂಟರ್ನ್‌ಶಿಪ್‌ ಕುರಿತ ಚರ್ಚೆಯ ತಿರುಳು.

ಕಾನೂನು ತಂದ ಬೇಡಿಕೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸುತ್ತದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಮೊಬೈಲ್‌ ಅಥವಾ ಕಂಪ್ಯೂಟರ್‌ನಿಂದ ಪಡೆದ ದಾಖಲೆಯ ಪ್ರಮಾಣಪತ್ರಕ್ಕೆ ತಜ್ಞರ ಭಾಗವೂ ಸೇರಬೇಕು. ಹೀಗೆ ನಗರಗಳಿಗೆ ಸೀಮಿತವಾಗಿದ್ದ ಪರಿಣತಿಯ ಅಗತ್ಯ ತಾಲ್ಲೂಕು ಠಾಣೆಯ ಬಾಗಿಲಿಗೂ ಬಂದಿದೆ. ಕಾಲೇಜುಗಳು ವಿಧಿವಿಜ್ಞಾನವನ್ನು ಪದವಿ ವಿಷಯವಾಗಿ ಆರಂಭಿಸುತ್ತಿರುವುದರ ಹಿಂದೆ ಈ ನಿರೀಕ್ಷೆಯೂ ಇದೆ.

ದೂರ ಮತ್ತು ದುಡ್ಡು

ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಇರುವುದು ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಮುಂತಾದೆಡೆ ಪ್ರಾದೇಶಿಕ ಘಟಕಗಳಿವೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹಾದಿ, ಗುಬ್ಬಿಯ ವಿದ್ಯಾರ್ಥಿಗೆ ಇನ್ನೂ 20 ಕಿ.ಮೀ. ಹೆಚ್ಚು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ತಿಂಗಳುಗಟ್ಟಲೆ ಪಿ.ಜಿ.ಯಲ್ಲಿ ಉಳಿಯುವ ಖರ್ಚು ರೈತ, ಕೂಲಿ ಕುಟುಂಬಗಳಿಗೆ ಭಾರವೇ. ಈ ಕೊರತೆಯನ್ನು ಶುಲ್ಕ ಪಡೆದು ಆನ್‌ಲೈನ್‌ನಲ್ಲಿ ಪ್ರಮಾಣಪತ್ರ ಕೊಡುವ ತರಬೇತಿಗಳು ತುಂಬಿಕೊಳ್ಳುತ್ತಿವೆ. ಒದ್ದೆ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್‌ ಚೀಲಕ್ಕೆ ತುರುಕದೆ, ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತುವ ಅಭ್ಯಾಸ ಪರದೆ ನೋಡುವುದರಿಂದ ಕೈಗೆ ಬರುವುದಿಲ್ಲ.

ಗೋಪ್ಯತೆಯ ಪ್ರಶ್ನೆ

ಪ್ರಯೋಗಾಲಯಗಳ ಹಿಂಜರಿಕೆಗೂ ಕಾರಣವಿದೆ. ಅಲ್ಲಿರುವ ಪ್ರತಿಯೊಂದು ಮುದ್ದೆಮಾಲಿನ ಹಿಂದೆ ಒಬ್ಬ ಆರೋಪಿಯ ಸ್ವಾತಂತ್ರ್ಯ, ಒಂದು ಕುಟುಂಬದ ನೋವು ಇದೆ. ಅನ್ಯರ ಕೈ ಸೋಂಕಿದರೆ ಡಿಎನ್‌ಎ ಮಾದರಿ ಕಲುಷಿತಗೊಳ್ಳಬಹುದು. ಪಾಟೀಸವಾಲಿನಲ್ಲಿ ವಕೀಲರು ಅದನ್ನೇ ಹಿಡಿಯಬಹುದು. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಬಾಕಿ ಪ್ರಕರಣಗಳ ಒತ್ತಡದಲ್ಲಿರುವ ವಿಜ್ಞಾನಿಗಳಿಗೆ ಪಾಠ ಹೇಳುವ ಬಿಡುವೂ ಕಡಿಮೆ. ಇನ್ನೊಂದು ಕಡೆ, ಒಮ್ಮೆಯೂ ಸಾಕ್ಷ್ಯದ ಪೊಟ್ಟಣ ಕಟ್ಟದ ಪದವೀಧರರು ನಾಳೆ ನೇರವಾಗಿ ಅಪರಾಧ ಸ್ಥಳಕ್ಕೆ ಕಾಲಿಟ್ಟರೆ ಆಗುವ ಹಾನಿಯೂ ಸಣ್ಣದಲ್ಲ. ಎರಡೂ ವಾದಗಳನ್ನು ಉಳಿಸಿಕೊಂಡೇ ದಾರಿ ಹುಡುಕಬೇಕಿದೆ.

ಹತ್ತಿರದಲ್ಲೇ ಇರುವ ಪಾಠಶಾಲೆ

ಆ ದಾರಿ ತಾಲ್ಲೂಕಿನಿಂದಲೇ ಶುರುವಾಗಬಹುದು. ತುಮಕೂರು ನಗರದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ನ್ಯಾಯಾಲಯವಿದೆ. ಗುಬ್ಬಿ, ಕುಣಿಗಲ್‌ಗಳಲ್ಲಿ ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಿವೆ. ಬೆಂಗಳೂರು–ಮಂಗಳೂರು ಹೆದ್ದಾರಿ ಹಾದುಹೋಗುವ ಕುಣಿಗಲ್‌ ಸೀಮೆಯಲ್ಲಿ ಅಪಘಾತ ಸ್ಥಳದ ಗಾಜಿನ ಚೂರು, ಬಣ್ಣದ ಚಕ್ಕೆ, ಬ್ರೇಕಿನ ಗುರುತುಗಳನ್ನು ಅಣಕು ಸ್ಥಳದಲ್ಲಿ ಅಳೆದು ನಕ್ಷೆ ಬರೆಯುವುದನ್ನು ಕಲಿಸಬಹುದು. ಮಹಜರು ಬರೆಯುವುದು ಕನ್ನಡದಲ್ಲಿ. ಜಮೀನಿನ ಕ್ರಯಪತ್ರದಲ್ಲಿನ ಸಹಿಯ ತಕರಾರೂ ಬಹುಪಾಲು ಕನ್ನಡದ ಅಕ್ಷರಗಳದೇ. ಒತ್ತಕ್ಷರ ಎಳೆಯುವ ರೀತಿ, ತಲೆಕಟ್ಟಿನ ತಿರುವು ಗುರುತಿಸಲು ಈ ಭಾಷೆಯಲ್ಲಿ ಪಳಗಿದ ಕಣ್ಣು ಬೇಕು. ಅದು ಇಲ್ಲಿನ ವಿದ್ಯಾರ್ಥಿಗಳ ಬಲ.

ಮೊದಲ ಹಂತದಲ್ಲಿ ಅಣಕು ಸ್ಥಳ ಮತ್ತು ನ್ಯಾಯಾಲಯದ ವೀಕ್ಷಣೆ, ಎರಡನೆಯದರಲ್ಲಿ ಹೆಸರು ಅಳಿಸಿದ, ಇತ್ಯರ್ಥಗೊಂಡ ಪ್ರಕರಣಗಳ ಅಧ್ಯಯನ, ಕೊನೆಗೆ ಗೋಪ್ಯತೆಯ ಲಿಖಿತ ಬದ್ಧತೆಯೊಂದಿಗೆ ಪ್ರಯೋಗಾಲಯದಲ್ಲಿ ಕೆಲವು ವಾರ. ಈ ಕ್ರಮಕ್ಕೆ ದೊಡ್ಡ ಕಟ್ಟಡ ಬೇಡ. ಕಾಲೇಜು, ಪೊಲೀಸ್‌, ಆರೋಗ್ಯ ಇಲಾಖೆಗಳ ನಡುವೆ ಒಪ್ಪಂದ ಬೇಕು, ದೂರದಿಂದ ಬರುವವರಿಗೆ ಸಣ್ಣ ಭತ್ಯೆ ಬೇಕು. ಬಾಕಿ ಪ್ರಕರಣದ ಮುದ್ದೆಮಾಲನ್ನು ವಿದ್ಯಾರ್ಥಿಗಳು ಮುಟ್ಟಬಾರದು ಎಂಬ ನಿಯಮ ಮಾತ್ರ ಎಲ್ಲ ಹಂತದಲ್ಲೂ ಸಡಿಲವಾಗಬಾರದು. ಕಾನೂನು ಕೊಟ್ಟ 5 ವರ್ಷದ ಗಡುವು 2029ರ ಮಧ್ಯಭಾಗಕ್ಕೆ ಮುಗಿಯುತ್ತದೆ. ಅಂದು ಸ್ಥಳಕ್ಕೆ ಹೋಗಬೇಕಾದ ತಜ್ಞರಲ್ಲಿ ಹಲವರು ಇಂದು ಪದವಿ ತರಗತಿಗಳಲ್ಲಿ ಕುಳಿತಿದ್ದಾರೆ.