ದ್ವೀಪದ ರಿಸಾರ್ಟ್‌ಗೆ ದುಡ್ಡು ಕಟ್ಟೋ ಮುಂಚೆ ಕೇಳಬೇಕಾದ ಐದು ಪ್ರಶ್ನೆ

(ಪಾಡ್‌ಕಾಸ್ಟ್‌ನ ಬರಹ ರೂಪ)



ಈ ಸಲದ ವಿಷಯ ಬಂದದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಹಿರೇಕೆರೂರು ತಾಲ್ಲೂಕಿನ ಹುಡುಗ, ಹೊಸದಾಗಿ ಮದುವೆ. ಗಂಡ ಹೆಂಡತಿ ಇಬ್ಬರೂ ದುಡೀತಾರೆ, ಮೂರು ವರ್ಷ ಕೂಡಿಟ್ಟ ಹಣ ಇದೆ. ಕೆರಿಬಿಯನ್ ದ್ವೀಪದ ರಿಸಾರ್ಟ್ ಒಂದರ ರೀಲ್ ನೋಡಿದಾರೆ. ಸೆಪ್ಟೆಂಬರ್‌ನಲ್ಲಿ ಹೋದರೆ ಅರ್ಧ ಬೆಲೆ, ಆದರೆ ಹಣ ಇವತ್ತೇ ಕಟ್ಟಬೇಕು, ವಾಪಸ್ ಇಲ್ಲ. "ಕಟ್ಟಲೇನ್ರಿ?" ಅಂತ ಕೇಳಿದಾರೆ.

ಕಟ್ಟು, ಬಿಡು ಅಂತ ಹೇಳೋದು ಸುಲಭ. ಅದಕ್ಕಿಂತ, ಇಂಥ ಆಫರ್ ಯಾವುದೇ ಬರಲಿ, ಅದನ್ನ ತೂಗಿ ನೋಡೋದು ಹೇಗೆ ಅಂತ ತಿಳ್ಕೊಂಡರೆ ಎಲ್ಲರಿಗೂ ಉಪಯೋಗ.

ಮೊದಲು ಒಂದು ಮಾತು. ಹಾನಗಲ್‌ನ ಲಾಡ್ಜ್‌ನಲ್ಲಿ ಉಳಿದಿರಿ ಅಂದ್ಕೊಳ್ಳಿ. ಅಲ್ಲಿ ಊಟ ಸರಿ ಇಲ್ಲ ಅಂದ್ರೆ ಬಸ್ ಸ್ಟ್ಯಾಂಡ್ ಕಡೆ ನಡೆದು ಖಾನಾವಳಿಯಲ್ಲಿ ರೊಟ್ಟಿ ತಿಂದು ಬರ್ತೀರಿ. ದ್ವೀಪದ ರಿಸಾರ್ಟ್ ಹಾಗಲ್ಲ. ಎಷ್ಟೋ ಕಡೆ ಗೇಟಿನ ಹೊರಗೆ ಖಾಲಿ ರಸ್ತೆ, ದುಬಾರಿ ಟ್ಯಾಕ್ಸಿ, ಅಷ್ಟೇ. ಅಲ್ಲಿ ರಿಸಾರ್ಟ್ ಅಂದ್ರೆ ಬರೀ ರೂಮಲ್ಲ, ಅಷ್ಟು ದಿನದ ಮಟ್ಟಿಗೆ ಅದೇ ನಿಮ್ಮ ಊರು. ನಮ್ಮ ಹಿರಿಯರು ಹೆಣ್ಣು ಕೊಡೋ ಮುಂಚೆ ಮನೆಯನ್ನಷ್ಟೇ ನೋಡ್ತಿರಲಿಲ್ಲ. ಊರಿಗೆ ನೀರು ಐತೇನು, ಬಸ್ ಬರ್ತದೇನು, ಮಳೆಗಾಲದಾಗ ಹಳ್ಳ ದಾಟಬಹುದೇನು ಅಂತ ವಿಚಾರಿಸ್ತಿದ್ದರು. ನಾವೂ ಅದನ್ನೇ ಮಾಡೋಣ.

ಒಂದನೇ ಪ್ರಶ್ನೆ: ಯಾವ ತಿಂಗಳು?

2024ರ ಜೂನ್ 29 ನೆನಪಿದೆಯಲ್ಲ? ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾವನ್ನ 7 ರನ್‌ನಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದ ದಿನ. ಕೋಚ್ ನಮ್ಮ ರಾಹುಲ್ ದ್ರಾವಿಡ್. ಕಪ್ ಗೆದ್ದವರು ಮರುದಿನವೇ ಮನೆಗೆ ಹೊರಡಲಿಲ್ಲ. ಬೆರಿಲ್ ಅನ್ನೋ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು, ತಂಡ ಹೋಟೆಲ್‌ನಲ್ಲೇ ಉಳೀಬೇಕಾಯ್ತು. ಕೊನೆಗೆ ವಿಶೇಷ ವಿಮಾನದಲ್ಲಿ ದೆಹಲಿ ಮುಟ್ಟಿದ್ದು ಜುಲೈ 4ಕ್ಕೆ. ವಿಶ್ವಕಪ್ ಗೆದ್ದವರಿಗೆ ವಿಶೇಷ ವಿಮಾನ ಬರ್ತದೆ. ನಮಗೆ ನಿಮಗೆ ಬರಲ್ಲ.

ಅಟ್ಲಾಂಟಿಕ್ ಕಡೆಯ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು, ಸೆಪ್ಟೆಂಬರ್‌ನಲ್ಲಿ ತುತ್ತತುದಿ. ಸೆಪ್ಟೆಂಬರ್‌ಗೆ ಅರ್ಧ ಬೆಲೆ ಯಾಕೆ ಅನ್ನೋದು ಈಗ ಗೊತ್ತಾಯ್ತಲ್ಲ? ಅದು ಮೋಸ ಅಲ್ಲ. ಅಪಾಯದ ಭಾರ ನಿಮ್ಮ ಹೆಗಲಿಗೆ ಬಂದಿದೆ, ಅದಕ್ಕೇ ಬೆಲೆ ಇಳಿದಿದೆ. ಹಣ ವಾಪಸ್ ಬರೋ ಹಾಗಿದ್ದರೆ ಯೋಚಿಸಬಹುದು. ವಾಪಸ್ ಇಲ್ಲ ಅಂದರೆ ಈ ಆಫರ್ ಬಿಡಿ ಅಂತಲೇ ನಾನು ಹೇಳೋದು. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಚಂಡಮಾರುತಕ್ಕೆ ಸಾಮಾನ್ಯವಾಗಿ ಅನ್ವಯಿಸಲ್ಲ.

ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ, ಬೆಲೆಯೂ ಏರು. ಬೇರೆ ತಿಂಗಳಲ್ಲೇ ಹೋಗಬೇಕು ಅನ್ನೋವರಿಗೆ ದಕ್ಷಿಣದ ಅರುಬಾ, ಬೊನೇರ್, ಕುರಾಸಾವ್ ದ್ವೀಪಗಳಿವೆ. ಚಂಡಮಾರುತಗಳ ಮುಖ್ಯ ದಾರಿಯಿಂದ ಇವು ಪಕ್ಕಕ್ಕಿವೆ.

ಎರಡನೇ ಪ್ರಶ್ನೆ: ದ್ವೀಪದ ಯಾವ ಬದಿ?

ನಮ್ಮ ಜಿಲ್ಲೆಯನ್ನೇ ನೋಡಿ. ಹಾನಗಲ್ ಮಲೆನಾಡಿನ ಅಂಚು, ಭತ್ತ ಬೆಳೆಯೋ ನೆಲ. ಸವಣೂರಿಗೆ ಬಂದರೆ ಬಯಲು, ಕರಿಮಣ್ಣು, ಹತ್ತಿ, ಜೋಳ. ಒಂದೇ ಜಿಲ್ಲೆ, ಹವೆ ಬೇರೆ. ದ್ವೀಪದ ಎರಡು ಬದಿಗಳೂ ಹೀಗೇ ಬೇರೆ. ಕೆರಿಬಿಯನ್‌ನಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸ್ತದೆ. ಬಾರ್ಬಡೋಸ್ ಸುಮಾರು 34 ಕಿಲೋಮೀಟರ್ ಉದ್ದದ ದ್ವೀಪ. ಅದರ ಪೂರ್ವಕ್ಕಿರೋ ಬಾತ್‌ಶೀಬಾದಲ್ಲಿ ದೊಡ್ಡ ಅಲೆ. ಸರ್ಫಿಂಗ್ ಮಾಡೋರಿಗೆ ಹಬ್ಬ, ಈಜು ಬಾರದವರಿಗೆ ಅಪಾಯ. ಪಶ್ಚಿಮದ ದಂಡೆಯಲ್ಲಿ ನೀರು ಕೆರೆಯಂತೆ ಶಾಂತ. ನಮ್ಮಲ್ಲಿ ಬಹಳ ಮಂದಿ ಈಜು ಕಲಿತದ್ದು ಬಾವಿ, ಕೆರೆಯಲ್ಲಿ. ಸಮುದ್ರದ ಸೆಳೆತ ಬೇರೆ ಮಾತು.

ಇನ್ನೊಂದು ವಿಷಯ, ರೀಲ್‌ನಲ್ಲಿ ಕಾಣಲ್ಲ. 2011ರಿಂದ ಸಾರ್ಗಾಸಮ್ ಅನ್ನೋ ಕಂದು ಕಡಲಪಾಚಿ ರಾಶಿ ರಾಶಿಯಾಗಿ ತೇಲಿ ಬಂದು ದಂಡೆಗೆ ಬೀಳ್ತಾ ಇದೆ. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಹೆಚ್ಚು ಬರೋದು ವಸಂತ, ಬೇಸಿಗೆ ತಿಂಗಳುಗಳಲ್ಲಿ, ಅದೂ ಅಟ್ಲಾಂಟಿಕ್‌ಗೆ ಮುಖ ಮಾಡಿದ ದಂಡೆಗಳಿಗೆ. ಹಾಗಾಗಿ ಮ್ಯಾಪ್ ತೆರೆದು ರಿಸಾರ್ಟ್ ಯಾವ ದಿಕ್ಕಿಗಿದೆ ನೋಡಿ. ರಿಸಾರ್ಟ್‌ನವರ ಫೋಟೋ ಬದಲು, ಹೋದ ವರ್ಷ ಅದೇ ತಿಂಗಳಲ್ಲಿ ಉಳಿದವರು ಹಾಕಿದ ಫೋಟೋ ಹುಡುಕಿ.

ಮೂರನೇ ಪ್ರಶ್ನೆ: "ಎಲ್ಲಾ ಸೇರಿ" ಅಂದ್ರೆ ಏನೇನು ಸೇರಿ?

ಆಲ್ ಇನ್‌ಕ್ಲೂಸಿವ್ ಅನ್ನೋದು ನಮಗೆ ಹೊಸದೇನಲ್ಲ. ಶಿಗ್ಗಾಂವಿ ತಾಲ್ಲೂಕು ಕುನ್ನೂರಿನ ಅಗಡಿ ತೋಟಕ್ಕೆ ಹೋದವರಿಗೆ ಗೊತ್ತು. ಒಮ್ಮೆ ದುಡ್ಡು ಕೊಟ್ಟರೆ ತಿಂಡಿ, ಊಟ, ಆಟ ಎಲ್ಲ ಅದರಲ್ಲೇ. ದ್ವೀಪದ ರಿಸಾರ್ಟ್‌ನಲ್ಲಿ ಇದಕ್ಕೆ ರೂಮು, ಮದ್ಯ ಸೇರ್ತದೆ. ಬೆಲೆಯಲ್ಲಿ ಮದ್ಯ ಮತ್ತು ಮಾಂಸದ ಬಫೆಯ ಖರ್ಚೂ ಸೇರಿರ್ತದೆ. ಎರಡೂ ಮುಟ್ಟದವರು ಬೇರೆಯವರ ಬಿಲ್ ಕಟ್ಟಿದ ಹಾಗೆ. ಅಂಥವರು ಬರೀ ರೂಮು ಮತ್ತು ಬೆಳಗಿನ ತಿಂಡಿಯ ದರ ಕೇಳಿ, ಇಲ್ಲವೇ ಅಡುಗೆಮನೆ ಇರೋ ಸಣ್ಣ ಮನೆ ನೋಡಿ.

"ಎಲ್ಲಾ ಸೇರಿ" ಅಂದರೂ ಏರ್‌ಪೋರ್ಟ್ ಪಿಕಪ್, ಬೋಟ್ ಸವಾರಿ, ಸ್ಪಾ ಎಷ್ಟೋ ಸಲ ಹೊರಗೇ ಉಳೀತವೆ. ತೆರಿಗೆ ಸೇರಿದೆಯಾ ಕೇಳಿ. ಪರದೆಯ ಮೇಲೆ ಕಾಣೋ ದರ ಒಬ್ಬರಿಗೋ ಇಬ್ಬರಿಗೋ ಅನ್ನೋದನ್ನ ಮೊದಲು ಕೇಳಿ. ಅನೇಕ ಕಡೆ ಅದು ತಲೆಗೆ, ರಾತ್ರಿಗೆ, ಡಾಲರ್‌ನಲ್ಲಿ.

ನಾಲ್ಕನೇ ಪ್ರಶ್ನೆ: ಯಾರಿಗಾಗಿ ಕಟ್ಟಿದ ಜಾಗ?

ಕೆಲವು ರಿಸಾರ್ಟ್ ಜೋಡಿಗಳಿಗೆ ಮಾತ್ರ, ಕೆಲವು ದೊಡ್ಡವರಿಗೆ ಮಾತ್ರ. ಅಪ್ಪ ಅಮ್ಮನನ್ನ ಕರ್ಕೊಂಡು ಹೋಗೋರು ಮೆಟ್ಟಿಲು ಎಷ್ಟು, ರೂಮಿಂದ ಊಟದ ಹಾಲ್‌ಗೆ ನಡಿಗೆ ಎಷ್ಟು ಅಂತ ಕೇಳಬೇಕು. ಮಂಡಿ ನೋವಿರೋ ಅಮ್ಮನಿಗೆ ಗುಡ್ಡದ ಮೇಲಿನ "ಸೀ ವ್ಯೂ" ರೂಮು ಶಿಕ್ಷೆ. ಅಂದ ಹಾಗೆ, "ಓಷನ್ ವ್ಯೂ" ಅಂದ್ರೆ ಸಮುದ್ರ ಎಲ್ಲೋ ಕಾಣ್ತದೆ ಅಂತ. ದಂಡೆಗೇ ಮುಖ ಮಾಡಿದ್ದು ಬೇಕು ಅಂದ್ರೆ "ಓಷನ್ ಫ್ರಂಟ್" ಅಂತ ಕೇಳಬೇಕು.

ಸಸ್ಯಾಹಾರಿಗಳಿಗೆ ಟ್ರಿನಿಡಾಡ್ ಒಳ್ಳೆಯದು. 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಭಾರತದ ಕೂಲಿಗಳು ಅಲ್ಲಿ ಇಳಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿಗೂ ರೋಟಿ ಮಾಡ್ತಾರೆ. ರಸ್ತೆ ಬದಿಯ "ಡಬಲ್ಸ್" ಅಂದ್ರೆ ಎಣ್ಣೆಯಲ್ಲಿ ಕರಿದ ಮೆತ್ತನೆ ಬಾರಾ, ಅದರ ಮೇಲೆ ಕಡಲೆಕಾಳಿನ ಪಲ್ಯ.

ಐದನೇ ಪ್ರಶ್ನೆ: ಅಲ್ಲಿಗೆ ಮುಟ್ಟೋದು ಹೇಗೆ?

ಭಾರತದಿಂದ ಕೆರಿಬಿಯನ್‌ಗೆ ನೇರ ವಿಮಾನ ಇಲ್ಲ. ಲಂಡನ್, ಯುರೋಪ್ ಅಥವಾ ಅಮೆರಿಕ ದಾಟಿ ಹೋಗಬೇಕು. ದ್ವೀಪಕ್ಕೆ ವೀಸಾ ಬೇಡ ಅಂತ ಖುಷಿಪಡೋ ಮುಂಚೆ ದಾರಿಯ ವೀಸಾ ನೋಡಿ. ಅಮೆರಿಕದಲ್ಲಿ ಬರೀ ವಿಮಾನ ಬದಲಾಯಿಸೋದಕ್ಕೂ ಭಾರತೀಯರಿಗೆ ವೀಸಾ ಬೇಕು. ಟ್ರಿನಿಡಾಡ್‌ನಿಂದ ವಾಪಸ್ ಬರೋರಿಗೆ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಬೇಕು. ಇಲ್ಲದಿದ್ದರೆ ಭಾರತಕ್ಕೆ ಬಂದಿಳಿದ ಮೇಲೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಅದು ಲೆಕ್ಕಕ್ಕೆ. ಹೋಗಿ ಬರೋದಕ್ಕೇ ಮೂರು ನಾಲ್ಕು ದಿನ ಬೇಕಾದ್ದರಿಂದ, ಒಂದು ವಾರದ ರಜೆಗೆ ಈ ದಾರಿ ದುಬಾರಿ. ಇಲ್ಲಿನ ಏಜೆಂಟ್ ಹತ್ತಿರ ವಿದೇಶಿ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡೀತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನ ಲೆಕ್ಕಕ್ಕೆ ಹಿಡಿದು ವಾಪಸ್ ಪಡೀಬಹುದು, ರಸೀದಿ ಕಳ್ಕೋಬೇಡಿ.

ಇದೇ ಐದು ಪ್ರಶ್ನೆ ಅಂಡಮಾನ್‌ನ ಸ್ವರಾಜ್ ದ್ವೀಪಕ್ಕೂ ಕೇಳಿ. ಅಲ್ಲಿಗೆ ಪಾಸ್‌ಪೋರ್ಟ್ ಬೇಡ, ಆದರೆ ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ದೋಣಿ ನಿಲ್ಲಬಹುದು. ನಮಗೆ ಇನ್ನೂ ಹತ್ತಿರದ್ದು ಮುರ್ಡೇಶ್ವರದ ಎದುರಿನ ನೇತ್ರಾಣಿ. ಹಾನಗಲ್‌ನಿಂದ ಶಿರಸಿ ದಾಟಿ ಘಟ್ಟ ಇಳಿದರೆ ಆಯ್ತು. ಆ ದ್ವೀಪದಲ್ಲಿ ರಿಸಾರ್ಟ್ ಇಲ್ಲ, ದೋಣಿಯಲ್ಲಿ ಹೋಗಿ ಸ್ಕೂಬಾ ಮಾಡಿ ಬರೋದು. ಅದೂ ಮಳೆಗಾಲದಲ್ಲಿ ಬಂದ್. ನೀರಿನ ಹೆದರಿಕೆ ಇದೆಯಾ, ಬಿಸಿಲು ತಡೀತೀರಾ, ಎರಡನೇ ದಿನಕ್ಕೇ ರೊಟ್ಟಿ ನೆನಪಾಗ್ತದಾ, ಇದೆಲ್ಲ ಕಡಿಮೆ ಖರ್ಚಿನಲ್ಲಿ ಇಲ್ಲೇ ತಿಳೀತದೆ.

ಕೊನೆಗೆ ಒಂದು ಕೆಲಸ. ಈ ಐದು ಪ್ರಶ್ನೆ ಬರೆದು ರಿಸಾರ್ಟ್‌ಗೇ ಇಮೇಲ್ ಮಾಡಿ, ಏಜೆಂಟ್‌ಗೆ ಅಲ್ಲ. ಚಂಡಮಾರುತ ಬಂದರೆ ಹಣ ವಾಪಸ್ ಕೊಡ್ತೀರಾ, ದಿನಾಂಕ ಬದಲಾಯಿಸ್ತೀರಾ ಅನ್ನೋದನ್ನ ಬರವಣಿಗೆಯಲ್ಲೇ ಕೇಳಿ. ನೇರ ಉತ್ತರ ಬಂದರೆ ಮುಂದಿನ ಮಾತು. "ಆಫರ್ ಇವತ್ತೇ ಮುಗೀತದೆ" ಅನ್ನೋದೇ ಉತ್ತರ ಆದರೆ, ಮುಗೀಲಿ ಬಿಡಿ. ದ್ವೀಪ ಎಲ್ಲಿಗೂ ಹೋಗಲ್ಲ.