ಶೀಷೆಗೆ ಸಹಿ ಉಂಟು, ಸೀರೆಗೇಕಿಲ್ಲ?

ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಪಶ್ಚಿಮ ದೇಶಗಳ ಕಂಪೆನಿಗಳು ಒಂದು ರೂಢಿಯನ್ನು ಬೆಳೆಸಿಕೊಂಡಿವೆ. ಹಬ್ಬಕ್ಕೆಂದೋ ಋತುವಿಗೆಂದೋ ಮಿತ ಸಂಖ್ಯೆಯಲ್ಲಿ ಹೊರತರುವ ಶೀಷೆಗಳಿಗೆ ಅವು ಸ್ಥಳೀಯ ಕಲಾವಿದರಿಂದಲೇ ಲೇಬಲ್ ಬರೆಸುತ್ತವೆ. ಎಷ್ಟೋ ವೇಳೆ ಆ ಕಲಾವಿದರ ಹೆಸರೂ ಅಲ್ಲಿ ಅಚ್ಚಾಗಿರುತ್ತದೆ. ಬಿಯರ್ ಮುಗಿದ ಮೇಲೂ ಶೀಷೆಯನ್ನು ಜೋಪಾನವಾಗಿ ಎತ್ತಿಡುವವರಿದ್ದಾರೆ.

ಲೇಬಲ್ಲಿಗೂ ಚಿತ್ರಕಲೆಗೂ ಇರುವ ನಂಟು ಹಳೆಯದು. ಬ್ರಿಟನ್ನಿನಲ್ಲಿ 1876ರಲ್ಲಿ ನೋಂದಣಿಯಾದ ಮೊಟ್ಟಮೊದಲ ವ್ಯಾಪಾರಮುದ್ರೆ ಬಾಸ್ ಬಿಯರಿನ ಕೆಂಪು ತ್ರಿಕೋನ. ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆ 1882ರಲ್ಲಿ ಪ್ಯಾರಿಸಿನ ಪಾನಗೃಹವೊಂದನ್ನು ಚಿತ್ರಿಸಿದಾಗ ಅದೇ ತ್ರಿಕೋನದ ಶೀಷೆಗಳನ್ನು ಕಟ್ಟೆಯ ಮೇಲಿಟ್ಟ. ತನ್ನ ಸಹಿಯನ್ನು ಮತ್ತೊಂದು ಶೀಷೆಯ ಲೇಬಲ್ಲಿನ ಮೇಲೆ ಹಾಕಿದ. ಫ್ರಾನ್ಸಿನ ಮೂತೋ ರೋತ್‌ಶೀಲ್ಡ್ ದ್ರಾಕ್ಷಾರಸದ ಲೇಬಲ್ಲಿಗೆ 1945ರಿಂದ ಬಹುತೇಕ ಪ್ರತಿವರ್ಷ ಒಬ್ಬ ಕಲಾವಿದನ ಚಿತ್ರ ಬರುತ್ತಿದೆ. ಡಾಲಿ, ಶಗಾಲ್, ಪಿಕಾಸೊ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಸಂಭಾವನೆಯಾಗಿ ಸಲ್ಲುತ್ತಿದ್ದುದು ಹಣವಲ್ಲ, ದ್ರಾಕ್ಷಾರಸದ ಪೆಟ್ಟಿಗೆಗಳು.

ಮದ್ಯದ ಜಾಹೀರಾತಿಗೆ ಟಿ.ವಿ. ವಾಹಿನಿಗಳಲ್ಲಿ ನಿಷೇಧವಿರುವ ನಮ್ಮಲ್ಲಿ ಚೆಂದದ ಲೇಬಲ್ಲೇ ಜಾಹೀರಾತಾಗಿಬಿಡಬಹುದೆಂಬ ಆತಂಕ ನ್ಯಾಯವಾದದ್ದು. ಕುಡಿತದ ಪರವಾಗಿ ವಕಾಲತ್ತು ವಹಿಸುವುದು ಈ ಲೇಖನದ ಉದ್ದೇಶವಲ್ಲ. ಕಲಾವಿದನ ಹೆಸರು ಹೇಳುವ ಸೌಜನ್ಯವನ್ನು ಬಿಯರಿನ ವ್ಯಾಪಾರ ತೋರಬಲ್ಲುದಾದರೆ, ಆಯುಷ್ಯವಿಡೀ ಜತನ ಮಾಡುವ ರೇಷ್ಮೆ ಸೀರೆಯ ವ್ಯಾಪಾರ ಏಕೆ ತೋರಬಾರದು ಎಂಬುದಷ್ಟೇ ಪ್ರಶ್ನೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಆ ಪ್ರಶ್ನೆಗೆ ತಕ್ಕ ಊರು. ಮಳೆ ನೆಚ್ಚಿ ಶೇಂಗಾ ಬೆಳೆಯುವ ಈ ಬಯಲಿನಲ್ಲಿ ಚಳ್ಳಕೆರೆ ಎಣ್ಣೆ ಗಿರಣಿಗಳಿಗೂ ಕುರಿಯುಣ್ಣೆಯ ಕಂಬಳಿಗೂ ಹೆಸರಾದರೆ, ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾಗಿದೆ. ಅಂಚಿನಲ್ಲಿ, ಸೆರಗಿನಲ್ಲಿ ಅರಳುವ ಹೂವು, ಹಣ್ಣು, ಹಕ್ಕಿಗಳು ತಾವಾಗಿ ಹುಟ್ಟುವುದಿಲ್ಲ. ಜಕಾರ್ಡ್ ಅಳವಡಿಸಿದ ಮಗ್ಗದಲ್ಲಾದರೆ ಒಬ್ಬರು ಅದನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯಬೇಕು. ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯಬೇಕು. ಆಮೇಲೆ ನೇಕಾರ ಎಳೆಯೆಳೆಯಾಗಿ ಅದನ್ನು ಬಟ್ಟೆಗಿಳಿಸಬೇಕು.

ಇಂಥ ಸೀರೆಗೆ ಮುದ್ರೆಗಳ ಕೊರತೆಯಿಲ್ಲ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್, ನೂಲು ಅಪ್ಪಟ ರೇಷ್ಮೆಯೆಂದು ಹೇಳುತ್ತದೆ. 2006ರ ಹ್ಯಾಂಡ್‌ಲೂಮ್ ಮಾರ್ಕ್, ನೇಯ್ದದ್ದು ಕೈಮಗ್ಗದಲ್ಲಿ ಎನ್ನುತ್ತದೆ. 1999ರ ಕಾಯ್ದೆಯಡಿ ಮೊಳಕಾಲ್ಮುರು ಸೀರೆಗೆ ದೊರೆತಿರುವ ಭೌಗೋಳಿಕ ಸೂಚಕ ಊರನ್ನು ಹೇಳುತ್ತದೆ. ಏನು, ಹೇಗೆ, ಎಲ್ಲಿ ಎಂಬ ಮೂರಕ್ಕೂ ಉತ್ತರವಿದೆ. ಯಾರು ಎಂಬುದಕ್ಕೆ ಉತ್ತರ ಕೊಡುವುದು ಈ ಮುದ್ರೆಗಳ ಉದ್ದೇಶವಲ್ಲ. 2000ದ ವಿನ್ಯಾಸ ಕಾಯ್ದೆಯ ನೆರವೂ ಸೀಮಿತವೇ. ಅದು ಹೊಸ ವಿನ್ಯಾಸಕ್ಕೆ ಹತ್ತು ವರ್ಷ, ಬಯಸಿದರೆ ಇನ್ನೈದು ವರ್ಷ ರಕ್ಷಣೆ ಕೊಡುತ್ತದೆ; ತಲೆಮಾರುಗಳಿಂದ ಬಂದ ಮಾದರಿ ಅದರ ಕಣ್ಣಿಗೆ ಹೊಸದಲ್ಲ.

ಪಾರಂಪರಿಕ ಹೂಬಳ್ಳಿ ಇಡೀ ಸಮುದಾಯದ ಸೊತ್ತು, ಅದಕ್ಕೆ ಒಬ್ಬರ ಹೆಸರೇಕೆ ಎಂದು ಕೇಳಬಹುದು. ಬಳ್ಳಿ ಎಲ್ಲರದು, ನಿಜ. ಆದರೆ ಈ ಸೀರೆಯಲ್ಲಿ ಅದನ್ನು ಹೀಗೆ ಬಳುಕಿಸಿದ ಕೈ ಒಬ್ಬರದೇ. ಹೆಸರು ಹಾಕುವುದೆಂದರೆ ಒಡೆತನ ಸ್ಥಾಪಿಸುವುದಲ್ಲ, ದುಡಿಮೆಯನ್ನು ಒಪ್ಪಿಕೊಳ್ಳುವುದು. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬ ಮಾತೂ ಸುಳ್ಳಲ್ಲ. ಆದರೆ ಹೆಸರಿಲ್ಲದವನಿಗೆ ಬೆಲೆ ಕೇಳುವ ಧೈರ್ಯವೂ ಇರುವುದಿಲ್ಲ. ಹೆಸರು ತಿಳಿದ ಗ್ರಾಹಕ ಮುಂದಿನ ಸಲ ಅದೇ ಕೈಯನ್ನು ಹುಡುಕಿಕೊಂಡು ಬರುತ್ತಾನೆ. ವಿದ್ಯುತ್ ಮಗ್ಗ ವಿನ್ಯಾಸವನ್ನು ನಕಲು ಮಾಡಬಲ್ಲುದು; ಆ ವಿಶ್ವಾಸವನ್ನಲ್ಲ.

ಮೊಳಕಾಲ್ಮುರು ತಾಲ್ಲೂಕಿಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವೊಂದನ್ನು ಅವನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಚಕ್ರವರ್ತಿಯ ಆಜ್ಞೆಯ ಕೆಳಗೆ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಬರೆದವನ ಹೆಸರಿಗೆ ಸ್ಥಳವಿತ್ತು. ನೇಕಾರರ ಸಹಕಾರ ಸಂಘಗಳು, ಅಂಗಡಿಗಳು ಮುಂದಿನ ಸಲ ಸೀರೆಯ ಚೀಟಿ ಅಚ್ಚು ಹಾಕಿಸುವಾಗ ಎರಡು ಸಾಲು ಹೆಚ್ಚಿಗೆ ಸೇರಿಸಲಿ: ವಿನ್ಯಾಸ ಬರೆದವರು ಇಂಥವರು, ನೇಯ್ದವರು ಇಂಥವರು. ಕೊಳ್ಳುವ ನಾವೂ ಬೆಲೆ ಕೇಳುವ ಮೊದಲು ಆ ಹೆಸರನ್ನು ಕೇಳುವುದು ಒಳ್ಳೆಯದು.