ಹೊಸ ನೌಕರಿಯ ಮೊದಲ ಅರವತ್ತಾರು ದಿನ

"ಮಾಸ್ತರ, ರಾತ್ರಿ ನಿದ್ದಿ ಹತ್ತಿತ್ರಿ?"

ಜೂನ್ ತಿಂಗಳು, ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಗು. ಚಹಾದ ಲೋಟ ಕೈಗಿಡುತ್ತ ಮನೆಯ ಯಜಮಾನತಿ ಕೇಳಿದ ಪ್ರಶ್ನೆ ಅದು. ನಿದ್ದೆ ಹತ್ತಿರಲಿಲ್ಲ. ಮಂಡ್ಯದ ಕಡೆಯಿಂದ ಹಗಲಿಡೀ ಪ್ರಯಾಣ ಮಾಡಿ ಬಂದ ದಣಿವು ಮೈತುಂಬ ಇತ್ತು. ಆದರೂ ಗದಗ ಜಂಕ್ಷನ್ನಿನ ಪ್ರತಿ ಗಾಡಿಯ ಸಿಳ್ಳೆ ಕಿವಿಗೆ ಬಿದ್ದಿತ್ತು, ನಸುಕಿನಲ್ಲಿ ಪಕ್ಕದ ಮನೆಯ ಮಗ್ಗ ಶುರುವಾದದ್ದೂ ಕೇಳಿಸಿತ್ತು. ಮುಂಡರಗಿ ತಾಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕನಾಗಿ ನಾನು ಹಾಜರಾಗಬೇಕಿದ್ದ ದಿನ ಅದು. ಹೊಸ ಕೆಲಸದ ಆತಂಕ ಇರಬೇಕು ಎಂದುಕೊಂಡೆ. ಬೇರೊಂದು ಕಾರಣವೂ ಇದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಮಸಾಕೊ ತಮಾಕಿ, ಯೂಕಾ ಸಸಾಕಿ ಮತ್ತು ಸಂಗಡಿಗರು ಮಲಗಿದವರ ಮಿದುಳಿನ ಅಲೆಗಳನ್ನು ಅಳೆದು 2016ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎರಡು ಅರ್ಧಗಳು ಸಮನಾಗಿ ನಿದ್ರಿಸುವುದಿಲ್ಲ. ಬಲಭಾಗ ಗಾಢವಾಗಿ ಮಲಗಿದ್ದಾಗಲೂ ಎಡಭಾಗದ ಒಂದು ಜಾಲ ಹಗುರವಾಗಿಯೇ ಇದ್ದು, ಅಪರಿಚಿತ ಸದ್ದು ಬಂದರೆ ಬೇಗ ಎಚ್ಚರಿಸುತ್ತದೆ. ಡಾಲ್ಫಿನ್ನುಗಳು ಅರ್ಧ ಮಿದುಳಿನಲ್ಲಿ ನಿದ್ರಿಸುತ್ತವೆ ಎಂದು ಪಾಠ ಹೇಳುತ್ತೇವಲ್ಲ, ಅದರ ಸಣ್ಣದೊಂದು ಪಾಲು ನಮ್ಮಲ್ಲೂ ಇದೆ. ಕೆಲವು ದಿನ ಬಿಟ್ಟು ಅದೇ ಕೋಣೆಯಲ್ಲಿ ಮತ್ತೆ ಮಲಗಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಜಾಗದ ಗುರುತು ಹತ್ತಿದ ಮೇಲೆ ಕಾವಲುಗಾರನೂ ಮಲಗಿಬಿಡುತ್ತಾನೆ.

ಆ ದಿನಗಳಲ್ಲಿ ನನ್ನ ಜೇಬಿನಲ್ಲಿ ಒಂದು ಸಣ್ಣ ವಹಿ ಇರುತ್ತಿತ್ತು. ಅರ್ಥವಾಗದ್ದನ್ನೂ ಅಚ್ಚರಿಯಾದದ್ದನ್ನೂ ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದೆ. ಈ ಲೇಖನ ಹುಟ್ಟಿದ್ದು ಆ ವಹಿಯಿಂದ.

ಮೊದಲ ಪುಟಗಳೆಲ್ಲ ಮಾತಿನವು. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ, ನಾಳೆ ಸಾಲಿ ಸೂಟಿ ಏನ್ರಿ?" ಎಂದ. ಸೂಟಿ ಎಂದರೆ ರಜೆ ಎಂದು ನನಗೆ ಹೊಳೆಯಲು ಇಡೀ ತರಗತಿ ನೆರವಾಗಬೇಕಾಯಿತು. ನಾನು ಪಾಠ ಹೇಳಿದರೆ "ಹೊಳ್ಳಿ ಹೇಳ್ರಿ ಸರ" ಎನ್ನುತ್ತಿದ್ದರು, ಅಂದರೆ ಮತ್ತೊಮ್ಮೆ ಹೇಳಿ ಎಂದು. ಸೋವಿ ಅಂದರೆ ಅಗ್ಗ, ಲಗೂನ ಅಂದರೆ ಬೇಗ. ಒಂದೊಂದು ಪದಕ್ಕೂ ಒಳಗೆಲ್ಲೋ ಸಣ್ಣದಾಗಿ ಮುಗ್ಗರಿಸಿದ ಹಾಗಾಗುತ್ತಿತ್ತು. ಆ ಮುಗ್ಗರಿಕೆಯನ್ನು ಅಳೆಯಲು ಬರುತ್ತದೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಜನರ ನೆತ್ತಿಗೆ ಎಲೆಕ್ಟ್ರೋಡ್ ಅಂಟಿಸಿ ವಾಕ್ಯಗಳನ್ನು ಓದಿಸಿದರು. "ಅವ್ವ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು" ಎಂಬಂಥ ವಾಕ್ಯಕ್ಕೆ ಮಿದುಳು ಬಹುಮಟ್ಟಿಗೆ ಸುಮ್ಮನಿರುತ್ತದೆ. "ಅವ್ವ ರೊಟ್ಟಿಗೆ ಸಿಮೆಂಟು ಸವರಿ ಕೊಟ್ಟಳು" ಎಂಬಂಥದ್ದು ಬಂದರೆ, ಆ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಋಣ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ಮಿದುಳು ಮಾತು ಮುಗಿಯುವವರೆಗೆ ಕಾಯುವುದಿಲ್ಲ, ಮುಂದಿನ ಪದವನ್ನು ಮೊದಲೇ ಊಹಿಸಿಕೊಂಡು ಕೂತಿರುತ್ತದೆ. ಊಹೆ ತಪ್ಪಿದಾಗ ಅಲೆ ದೊಡ್ಡದಾಗುತ್ತದೆ.

ಮೊದಲ ವಾರ, ಇವರ ಕನ್ನಡ ಬೇರೆಯಾಯಿತಲ್ಲ ಎಂದು ವಹಿಯಲ್ಲಿ ಬರೆದಿದ್ದೇನೆ. ಅದನ್ನು ತಿದ್ದಿದವರು ಲಕ್ಷ್ಮೇಶ್ವರದಿಂದ ಬರುತ್ತಿದ್ದ ಕನ್ನಡ ಮಾಸ್ತರರು. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಅದೂ ಒಂದು. ಉಳಿದವು ಕಿಸುವೊಳಲು, ಕೊಪಣ, ಒಂಕುಂದ. "ಸರ, ತಿರುಳಿನ ನಾಡಿಗೆ ಬಂದೀರಿ, ಬ್ಯಾರೆ ಆಗಿದ್ದು ನಾವಲ್ರಿ" ಎಂದರು. ಅವರು ಹೇಳಿದ್ದು ಸರಿ. ಮಿದುಳಿಗೆ ತಾನು ಬೆಳೆದ ಊರೇ ಅಳತೆಗೋಲು. ಬೇರೆ ಊರಿಗೆ ಹೋಗುವ ತನಕ ಆ ಕೋಲು ತನ್ನ ಕೈಯಲ್ಲಿದೆ ಎಂಬುದೇ ಅದಕ್ಕೆ ತಿಳಿದಿರುವುದಿಲ್ಲ.

ಮಾತಿಗೆ ಹೊಂದಿಕೊಳ್ಳುವುದು ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಬೇಗ. ಪರಿಚಯವಿಲ್ಲದ ಉಚ್ಚಾರಣೆಯನ್ನು ಕೇಳುವಾಗ ಮೊದಲು ತಡವರಿಸುವ ಕಿವಿ ಒಂದು ನಿಮಿಷದೊಳಗೇ ಚುರುಕಾಗುತ್ತದೆ ಎಂದು 2004ರ ಒಂದು ಪ್ರಯೋಗ ತೋರಿಸಿತು. ಪದಗಳಿಗೆ ಇನ್ನಷ್ಟು ದಿನ ಬೇಕು. ಆಗಸ್ಟಿನ ಹೊತ್ತಿಗೆ ನಾನೇ ಮಕ್ಕಳಿಗೆ "ಲಗೂನ ಬರೀರಿ" ಎನ್ನುತ್ತಿದ್ದೆ.

ಇನ್ನು ಮಿರ್ಚಿಯ ವಿಷಯ. ಮೊದಲ ದಿನ ಹನ್ನೊಂದರ ಬಿಡುವಿನಲ್ಲಿ ಯಾರೋ ಪೇಪರಿನ ಪೊಟ್ಟಣ ಬಿಚ್ಚಿದರು. ಬಿಸಿ ಮಿರ್ಚಿ ಬಜ್ಜಿ, ಜೊತೆಗೆ ಮಂಡಕ್ಕಿಯ ಗಿರ್ಮಿಟ್ಟು. ಎಂಥ ಖುಷಿ! ಮೂರನೆಯ ವಾರದ ಹೊತ್ತಿಗೆ ತಿನ್ನುವಾಗಿನ ಖುಷಿ ಸಾಧಾರಣವಾಗಿ, ಅಂಗಡಿಯ ಹುಡುಗ ಪೊಟ್ಟಣ ಹಿಡಿದು ಗೇಟು ದಾಟುವುದು ಕಂಡಾಗಲೇ ಮನಸ್ಸು ಅರಳುತ್ತಿತ್ತು. ಒಂದು ಸೋಮವಾರ ಅಂಗಡಿ ಮುಚ್ಚಿತ್ತು. ಜೂನಿನ ಮೊದಲು ಜೀವಮಾನವಿಡೀ ಹನ್ನೊಂದಕ್ಕೆ ಮಿರ್ಚಿ ಇಲ್ಲದೆ ಬದುಕಿದ್ದವನಿಗೆ ಆ ದಿನ ಏನೋ ಕಳೆದುಕೊಂಡಂತೆ ಆಯಿತು. ಮಂಗಗಳ ಮಿದುಳಿನಲ್ಲಿ ಡೋಪಮಿನ್ ಸೂಸುವ ನರಕೋಶಗಳನ್ನು ಅಭ್ಯಾಸ ಮಾಡಿದ ವೋಲ್‌ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕಂಡದ್ದು ಈ ಮೂರು ಹಂತಗಳನ್ನೇ. ನೆನೆಸದೆ ಹಣ್ಣಿನ ರಸ ಸಿಕ್ಕಿದಾಗ ಕೋಶಗಳು ಜೋರಾಗಿ ಮಿಡಿದವು. ರಸಕ್ಕೆ ಮೊದಲು ಒಂದು ದೀಪ ಹತ್ತುತ್ತದೆ ಎಂದು ಕಲಿತ ಮೇಲೆ ಮಿಡಿತ ದೀಪಕ್ಕೆ ಸರಿಯಿತು, ರಸಕ್ಕೆ ಏನೂ ಇಲ್ಲ. ದೀಪ ಹತ್ತಿಯೂ ರಸ ಬಾರದಿದ್ದರೆ, ಬರಬೇಕಾದ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಗ್ಗಿತು. ನಿರೀಕ್ಷೆಗೂ ನಡೆದದ್ದಕ್ಕೂ ಇರುವ ಅಂತರವನ್ನು ಆ ಕೋಶಗಳು ಲೆಕ್ಕ ಇಡುತ್ತವೆ, ಕಲಿಕೆ ಸಾಗುವುದು ಆ ಲೆಕ್ಕದಿಂದ. ಹೊಸ ಕೆಲಸದ ಮೊದಲ ತಿಂಗಳು ಅಷ್ಟು ದಣಿಸುವುದಕ್ಕೂ ಅಷ್ಟು ನೆನಪಿನಲ್ಲಿ ಉಳಿಯುವುದಕ್ಕೂ ಇದು ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಹೆಜ್ಜೆ ಹೆಜ್ಜೆಗೂ ಊಹೆ ತಪ್ಪುತ್ತಿರುತ್ತದೆ.

ಮಳೆಗಾಲದಲ್ಲಿ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಮುಚ್ಚದಾಯಿತು. ಬೇಸಿಗೆಯಲ್ಲಿ ಅದೇ ಕೋಣೆಯ ಗೋಡೆಯಲ್ಲಿ ಬಿರುಕು. "ಎರಿ ಭೂಮಿರಿ, ಉಸರಾಡತೈತಿ" ಎಂದರು ಯಜಮಾನತಿ. ಕೆಂಪು ಮಣ್ಣಿನಲ್ಲಿ ಬೆಳೆದ ನನಗೆ ನೆಲವೇ ಉಬ್ಬಿ ಇಳಿಯುತ್ತದೆ ಎಂಬುದು ಪುಸ್ತಕದ ಮಾತಾಗಿತ್ತು. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಹೇರಳ. ಅದರ ಹಾಳೆಯಂಥ ಪದರಗಳ ನಡುವೆ ನೀರು ನುಗ್ಗಿ ಹಾಳೆಗಳನ್ನು ದೂರ ತಳ್ಳುತ್ತದೆ, ಒಣಗಿದಾಗ ಅವು ಮತ್ತೆ ಒತ್ತೊತ್ತಾಗಿ ಕೂರುತ್ತವೆ. ಯಜಮಾನತಿಯ ಉಸಿರಾಟದ ಮಾತು ನನ್ನ ಪಾಠಕ್ಕಿಂತ ಚೆನ್ನಾಗಿತ್ತು. ಆ ವರ್ಷದಿಂದ ತರಗತಿಯಲ್ಲಿ ಅದನ್ನೇ ಹೇಳಿದೆ.

ಚಳಿಗಾಲದ ಒಂದು ಭಾನುವಾರ ಸೋಮೇಶ್ವರ ಗುಡಿ ನೋಡಲು ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ದಾರಿಯಲ್ಲೇ ಸಿಕ್ಕಿತು. ನೀರಿನ ಮೇಲೆ ಸಾವಿರಗಟ್ಟಲೆ ಹಕ್ಕಿಗಳು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು, ಮಂಗೋಲಿಯಾ, ಟಿಬೆಟಿನ ಕಡೆಯಿಂದ ಹಿಮಾಲಯ ದಾಟಿ ಬಂದವು. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ಉಪಗ್ರಹದ ಸಾಧನಗಳು ದಾಖಲಿಸಿವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಉಳಿದ ಬಾತುಗಳದಕ್ಕಿಂತ ಬಿಗಿಯಾಗಿ ಆಕ್ಸಿಜನ್ನನ್ನು ಹಿಡಿಯುತ್ತದೆ, ಆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಅದೂ ನೆರವಾಗುತ್ತದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಉಸಿರು ಬಿಡದೆ ವರ್ಣಿಸಿದೆ. ಲಕ್ಷ್ಮೇಶ್ವರದ ಮಾಸ್ತರರು ತಣ್ಣಗೆ, "ಅವಾ? ವರ್ಷಾ ಬರ್ತಾವ್ರಿ" ಎಂದರು. ಹಕ್ಕಿಗಳ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಎಂದಲ್ಲ, ಪ್ರತಿ ವರ್ಷ ನೋಡಿ ನೋಡಿ ಅವರ ಕಣ್ಣಿಗೆ ಅದು ಸುದ್ದಿಯಾಗಿ ಉಳಿದಿರಲಿಲ್ಲ. ಆ ಕೆರೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು.

ಸುದ್ದಿ ಹೀಗೆ ಸುದ್ದಿಯಾಗಿ ಉಳಿಯದಿರುವುದಕ್ಕೆ ನರಗಳ ಮಟ್ಟದಲ್ಲೇ ಕಾರಣವಿದೆ. 2000ದ ನೊಬೆಲ್ ಪ್ರಶಸ್ತಿ ಪಡೆದ ಎರಿಕ್ ಕ್ಯಾಂಡಲ್ ಅದನ್ನು ಒಂದು ಕಡಲ ಬಸವನಹುಳುವಿನಲ್ಲಿ ತೋರಿಸಿದರು. ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಹತ್ತಾರು ಸಲ ಮುಟ್ಟಿ, ಕೇಡೇನೂ ಆಗದಿದ್ದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ, ಏಕೆಂದರೆ ಒಂದು ನರಕೋಶ ಮುಂದಿನದಕ್ಕೆ ಸಂದೇಶವಾಗಿ ಸುರಿಸುವ ರಾಸಾಯನಿಕವೇ ಕಡಿಮೆಯಾಗಿರುತ್ತದೆ. ರೈಲಿನ ಸಿಳ್ಳೆ ನನಗೆ ಕೇಳದಾದದ್ದೂ ಇಂಥದೇ ಒಗ್ಗುವಿಕೆಯಿಂದ. ಮಾಡುವ ಕೆಲಸಗಳ ಮಟ್ಟಿಗೆ ಇದಕ್ಕೆ ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಹೊಸ ಅಭ್ಯಾಸ ಹಿಡಿಸಿ ಹನ್ನೆರಡು ವಾರ ಗಮನಿಸಿದರು. ಯೋಚಿಸದೆ ತಾನಾಗಿಯೇ ನಡೆಯುವ ಹಂತ ಮುಟ್ಟಲು ಬೇಕಾದ ಅವಧಿಯ ನಡುವಿನ ಲೆಕ್ಕ 66 ದಿನ. ಹನ್ನೆರಡು ವಾರದ ಆಚೆಗೂ ಲೆಕ್ಕ ಚಾಚಿ ಅಂದಾಜಿಸಿದಾಗ, ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೂ ಹರಡಿತ್ತು. ನನ್ನ ವಹಿಯೂ ಸುಮಾರಾಗಿ ಅದೇ ಮಾತು ಹೇಳುತ್ತದೆ. ಜೂನಿನಲ್ಲಿ ಪುಟ ತುಂಬ ಬರಹ. ಸೆಪ್ಟೆಂಬರಿಗೆ ವಾರಕ್ಕೆ ಎರಡು ಸಾಲು. ಡಿಸೆಂಬರಿನಲ್ಲಿ ಹೆಬ್ಬಾತು ಬಿಟ್ಟರೆ ಖಾಲಿ.

ಜನವರಿಯಲ್ಲಿ ಒಂದು ಸಂಜೆ ಹಳೆಯ ಪುಟ ತಿರುವುವಾಗ ಮೂರನೆಯ ದಿನದ ಒಂದು ಸಾಲು ಸಿಕ್ಕಿತು: "ಮುಂದಿನ ಬೆಂಚಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಯಾಕೆ?"

ಓದಿ ಎದೆ ಧಸಕ್ಕೆಂದಿತು. ಆ ಮಕ್ಕಳನ್ನು ನಾನು ಅಂದೂ ಬೆಳಿಗ್ಗೆ ನೋಡಿದ್ದೆ, ದಿನವೂ ನೋಡುತ್ತಿದ್ದೆ. ಪಟ್ಟೆ ಮಾತ್ರ ಕಾಣುವುದು ನಿಂತು ತಿಂಗಳುಗಳೇ ಆಗಿದ್ದವು. ಸಹೋದ್ಯೋಗಿಗಳನ್ನು ಕೇಳಿದಾಗ "ನೀರಿನ ಗುಣಾರಿ ಸರ, ಮೊದಲಿಂದ ಹಂಗ" ಎಂಬ ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು, ಆದರೆ ಅದರಲ್ಲಿ ಅಚ್ಚರಿ ಉಳಿದಿರಲಿಲ್ಲ.

ಮುಂಡರಗಿ ತಾಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದು ಬರುವುದು ಕೆಳಗಿನ ಗ್ರಾನೈಟು, ನೈಸ್ ಶಿಲೆಗಳ ಖನಿಜಗಳಿಂದ. ಮಳೆ ಕಡಿಮೆ, ಬೋರ್‌ವೆಲ್ ಆಳ, ನೀರು ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಗರಿಷ್ಠ 1.5. ಹೆಚ್ಚಿದ್ದರೆ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಒಸಡಿನೊಳಗೆ ಹಲ್ಲಿನ ಎನಾಮೆಲ್ ಗಟ್ಟಿಯಾಗುತ್ತಿರುವ ಸುಮಾರು ಎಂಟು ವರ್ಷದೊಳಗಿನ ವಯಸ್ಸಿನಲ್ಲಿ ಅದು ಆ ಕೆಲಸವನ್ನು ಕೆಡಿಸುತ್ತದೆ. ಎನಾಮೆಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಮುಂದೆ ಕಲೆ ಹಿಡಿಯುತ್ತವೆ. ದೊಡ್ಡವನಾಗಿ ಬಂದ ನನ್ನ ಹಲ್ಲಿಗೆ ಅದೇ ನೀರು ಏನೂ ಮಾಡಲಿಲ್ಲ. ವರ್ಷಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲುಗಳಿಗೂ ಕುತ್ತು. ಭಾರತದಲ್ಲಿ ಇಂಥ ಮೂಳೆರೋಗವನ್ನು 1937ರಲ್ಲಿ ವರದಿ ಮಾಡಿದ್ದು ನೆಲ್ಲೂರು ಜಿಲ್ಲೆಯಿಂದ.

ಫ್ಲೋರೈಡಿನ ಈ ಕಥೆ ಶುರುವಾದದ್ದೂ ಹೊಸ ಕೆಲಸಕ್ಕೆ ಬಂದವನೊಬ್ಬನ ಅಚ್ಚರಿಯಿಂದ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವಕ ಆಗಷ್ಟೇ ದಂತವೈದ್ಯನಾಗಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಊರಿನ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ. ಅವನು ಓದಿದ ಯಾವ ಪುಸ್ತಕದಲ್ಲೂ ಅದರ ಮಾತಿರಲಿಲ್ಲ. ಹಂದಿಮಾಂಸ ಹೆಚ್ಚಾಯಿತು, ಹಾಲು ಕೆಟ್ಟದ್ದು ಎಂದು ಜನ ಏನೇನೋ ಹೇಳುತ್ತಿದ್ದರು. ಮೆಕೇ ಆ ಅಚ್ಚರಿಯನ್ನು ಮಾಸಲು ಬಿಡಲಿಲ್ಲ. 1923ರಲ್ಲಿ ಐಡಹೊದ ಓಕ್ಲಿ ಎಂಬ ಊರಿನಲ್ಲಿ, ಬಿಸಿನೀರಿನ ಬುಗ್ಗೆಯಿಂದ ಹೊಸ ಪೈಪು ಹಾಕಿದ ಮೇಲೆ ಕಲೆ ಶುರುವಾಯಿತು ಎಂದು ಮಕ್ಕಳ ಹೆತ್ತವರು ಹೇಳಿದಾಗ, ಆ ಪೈಪು ಬಿಡಿ ಎಂದ. ಊರು ಬೇರೆ ನೀರಿಗೆ ಹೋಯಿತು, ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಕಾರಣ ಫ್ಲೋರೈಡ್ ಎಂದು ಎಚ್. ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು 1931ರಲ್ಲಿ. ಮೊದಲ ಅಚ್ಚರಿಯಿಂದ ಉತ್ತರಕ್ಕೆ ಮೂವತ್ತು ವರ್ಷ.

ನಮ್ಮಲ್ಲಿ ಉತ್ತರ ಈಗಾಗಲೇ ಕೈಯಲ್ಲಿದೆ. ತುಂಗಭದ್ರೆ ಮುಂಡರಗಿ ತಾಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆದರೆ ಬೇಸಿಗೆಯಲ್ಲಿ ನಲ್ಲಿ ನಿಂತ ದಿನ ಕೊಡ ಮತ್ತೆ ಬೋರ್‌ವೆಲ್ಲಿನ ಕಡೆ ಹೋಗುತ್ತದೆ. ಆ ಕೊಡದ ನೀರನ್ನು ಎಳೆಯ ಮಗುವೂ ಕುಡಿಯುತ್ತದೆ.

ಜೂನಿನಲ್ಲಿ ಈ ತಾಲೂಕುಗಳಿಗೆ ಹೊಸದಾಗಿ ಬರುವ ಶಿಕ್ಷಕರೇ, ನರ್ಸಮ್ಮಗಳೇ, ಬ್ಯಾಂಕಿನವರೇ, ಪಿಡಿಒಗಳೇ, ಮೊದಲ ದಿನವೇ ಒಂದು ವಹಿ ಕೊಳ್ಳಿ. ಕಂಡ ಅಚ್ಚರಿಗಳನ್ನೆಲ್ಲ ಅವತ್ತವತ್ತೇ ಬರೆಯಿರಿ. ಜನವರಿಯಲ್ಲಿ ಒಂದು ಸಲ ತೆಗೆದು ಓದಿ. ಅಷ್ಟರೊಳಗೆ ಗ್ರಾಮ ಪಂಚಾಯತಿಗೆ ಹೋಗಿ, ನೀರು ಪರೀಕ್ಷೆಯ ಕಿಟ್ ಕೇಳಿ, ನಿಮ್ಮ ಶಾಲೆಯ ಮಕ್ಕಳು ಕುಡಿಯುವ ಬೋರ್‌ವೆಲ್ಲಿನ ನೀರನ್ನು ಪರೀಕ್ಷಿಸಿ.